ಉಚಿತ ಚಿತ್ರ, ಮಾರಾಟದ ಸರಕು: ಕಲಂ 55ರ ಪರಂತುಕ ಯಾರನ್ನು ಕಾಯುತ್ತದೆ?

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಚಿತ್ರಗಳನ್ನು ಟೀ ಶರ್ಟ್, ಮಗ್, ಕ್ಯಾಲೆಂಡರುಗಳ ಮೇಲೆ ಅಚ್ಚುಹಾಕಿ ಮಾರುವವರ ಹೊಣೆಯ ವಿಷಯದಲ್ಲಿ ಕೆಲವು ಸಂಗತಿಗಳಿಗೆ ತಕರಾರಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರವೂ ಕಲಾಕೃತಿಯೇ. ಹಕ್ಕು ಹುಟ್ಟುವುದಕ್ಕೆ ನೋಂದಣಿ ಬೇಕಿಲ್ಲ. 2012ರ ತಿದ್ದುಪಡಿಯಲ್ಲಿ ಕಲಂ 25 ರದ್ದಾದ ಮೇಲೆ ಛಾಯಾಗ್ರಾಹಕರ ಹಕ್ಕು ಅವರ ಜೀವಿತಕಾಲ ಮತ್ತು ಮುಂದಿನ 60 ವರ್ಷ ಉಳಿಯುತ್ತದೆ. ವಾಣಿಜ್ಯ ಬಳಕೆಯನ್ನು ನಿಷೇಧಿಸಿದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನು ನಂಬಿ ಸರಕು ಮಾರುವಂತಿಲ್ಲ.

ವಾಣಿಜ್ಯ ಬಳಕೆಗೆ ಒಪ್ಪಿಗೆ ಇರುವ ಲೈಸೆನ್ಸ್ ಸಿಕ್ಕರೆ ಮಾರುವವರು ನಿಶ್ಚಿಂತರೆ? ಹೌದೆನ್ನುವವರು ಅಮೆರಿಕದ ಡ್ರಾಗ್ಲಿಸ್ ಪ್ರಕರಣವನ್ನು (2015) ಮುಂದಿಡುವುದುಂಟು. ಫ್ಲಿಕರ್‌ನಲ್ಲಿದ್ದ ಛಾಯಾಚಿತ್ರವೊಂದನ್ನು ನಕಾಶೆ ಪ್ರಕಾಶಕರು ಮಾರಾಟದ ಅಟ್ಲಾಸಿನ ಮುಖಪುಟಕ್ಕೆ ಬಳಸಿದ್ದರು. ಲೈಸೆನ್ಸಿನ ಷರತ್ತು ಮುರಿದಿಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಅಲ್ಲಿ ಚಿತ್ರವನ್ನು ಏರಿಸಿದವರೇ ಅದನ್ನು ತೆಗೆದವರು. ಒಡೆತನದ ಪ್ರಶ್ನೆಯೇ ಏಳಲಿಲ್ಲ. ಬೇರೊಬ್ಬರು ತೆಗೆದ ಚಿತ್ರವನ್ನು ತನ್ನದೆಂದು ಏರಿಸಿ 'ಉಚಿತ' ಎಂದು ಗುರುತು ಹಾಕಿದ ಸಂದರ್ಭಕ್ಕೆ ಈ ತೀರ್ಪಿನಲ್ಲಿ ಆಧಾರ ಹುಡುಕುವುದು ತಪ್ಪೆಂದು ನನ್ನ ವಾದ. ತನ್ನದಲ್ಲದ ಜಮೀನಿಗೆ ಒಬ್ಬ ಕ್ರಯಪತ್ರ ಬರೆದುಕೊಟ್ಟರೆ ಕೊಂಡವನಿಗೆ ಒಡೆತನ ಬರುವುದಿಲ್ಲ. ಲೈಸೆನ್ಸಿನದೂ ಅದೇ ಕಥೆ. ಒಡೆತನದ ಬಗ್ಗೆ ತಾನು ಯಾವ ಖಾತರಿಯನ್ನೂ ಕೊಡುವುದಿಲ್ಲವೆಂದು ಕ್ರಿಯೇಟಿವ್ ಕಾಮನ್ಸಿನ 4.0 ಆವೃತ್ತಿಯ ಪಠ್ಯವೇ ಹೇಳುತ್ತದೆ.

ಹಾಗಾದರೆ ಪ್ರಾಮಾಣಿಕವಾಗಿ ನಂಬಿ ಮೋಸಹೋದ ವ್ಯಾಪಾರಿಗೆ ನಮ್ಮ ಕಾಯ್ದೆ ಏನು ಆಸರೆ ಕೊಟ್ಟಿದೆ? ಸಾಮಾನ್ಯವಾಗಿ ತೋರಿಸುವುದು ಕಲಂ 55(1)ರ ಪರಂತುಕವನ್ನು. ಕೃತಿಗೆ ಹಕ್ಕುಸ್ವಾಮ್ಯ ಇದೆಯೆಂಬುದು ತನಗೆ ತಿಳಿದಿರಲಿಲ್ಲ, ಇದೆಯೆಂದು ನಂಬಲು ಸಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ರುಜುವಾತು ಮಾಡಿದರೆ, ಹಕ್ಕುದಾರರಿಗೆ ಸಿಗುವುದು ನಿರ್ಬಂಧಕಾಜ್ಞೆ ಮತ್ತು ಮಾರಾಟದ ಲಾಭದಲ್ಲಿ ನ್ಯಾಯಾಲಯ ಯುಕ್ತವೆಂದು ಕಂಡಷ್ಟು ಪಾಲು ಮಾತ್ರ. ಇದನ್ನು 'ಸದ್ಭಾವನೆಯ ರಕ್ಷಣೆ' ಎಂದು ಓದುವ ರೂಢಿಯನ್ನು ಒಪ್ಪಲು ನನಗೆ ಕಷ್ಟ. ಪರಂತುಕ ಕೇಳುವುದು ಹಕ್ಕು ಇದೆಯೆಂಬ ಅರಿವನ್ನು. ಅನುಮತಿ ಇದೆಯೆಂಬ ನಂಬಿಕೆಗೆ ಅಲ್ಲಿ ಎಡೆಯಿಲ್ಲ. ಲೈಸೆನ್ಸ್ ಇರುವುದೇ ಹಕ್ಕುಸ್ವಾಮ್ಯವಿರುವ ಕೃತಿಗೆ. ಹೆಸರು ನಮೂದಿಸಬೇಕೆಂಬ ಷರತ್ತನ್ನು ಓದಿ ಪಾಲಿಸಿದ ವ್ಯಾಪಾರಿ, ಕೃತಿಗೆ ಹಕ್ಕುಸ್ವಾಮ್ಯ ಇರುವುದು ತನಗೆ ಗೊತ್ತಿತ್ತೆಂದು ಆ ಪಾಲನೆಯಿಂದಲೇ ಒಪ್ಪಿಕೊಂಡಂತಾಗುತ್ತದೆ.

ಈ ಓದಿಗೆ ಬಲವಾದ ಪುರಾವೆ ಕಲಂ 58ರಲ್ಲಿದೆ. ಉಲ್ಲಂಘನೆಯ ಪ್ರತಿಗಳನ್ನು ಹಕ್ಕುದಾರರ ಸ್ವತ್ತೆಂದು ಭಾವಿಸುವ ಆ ಕಲಮಿನ ಪರಂತುಕದಲ್ಲಿ ಎರಡು ವಿನಾಯಿತಿಗಳಿವೆ. ಮೊದಲನೆಯದು ಕಲಂ 55ರಲ್ಲಿರುವುದೇ. ಎರಡನೆಯದು, ಈ ಪ್ರತಿಗಳಿಂದ ಯಾವ ಕೃತಿಯ ಹಕ್ಕಿಗೂ ಉಲ್ಲಂಘನೆಯಾಗದೆಂದು ನಂಬಲು ಸಕಾರಣವಿತ್ತು ಎಂಬುದು. ಅನುಮತಿ ಇದೆಯೆಂದು ನಂಬಿದವನನ್ನು ಕಾಯುವುದು ಈ ಎರಡನೆಯ ಮಾತು. ಒಂದೇ ಕಾಯ್ದೆ, ಮೂರೇ ಕಲಮುಗಳ ಅಂತರ. ಶಾಸನಸಭೆ ಒಂದೆಡೆ ಹೇಳಿದ್ದನ್ನು ಇನ್ನೊಂದೆಡೆ ಹೇಳಿಲ್ಲವೆಂದರೆ ಆ ಬಿಡುವಿಕೆಗೆ ಅರ್ಥವಿರಬೇಕು.

ಇದರಿಂದ ಹೊರಡುವ ಫಲಿತ ವಿಚಿತ್ರ. ಹಕ್ಕನ್ನೇ ಬಿಟ್ಟುಕೊಡಲಾಗಿದೆ ಎನ್ನುವ 'ಸಿಸಿ ಝೀರೊ' ಗುರುತನ್ನು ನಂಬಿದವರಿಗೆ ಕಲಂ 55ರ ಆಸರೆ ಸಿಗಬಹುದು. ಷರತ್ತುಗಳನ್ನು ಅಚ್ಚುಕಟ್ಟಾಗಿ ಪಾಲಿಸಿದವರಿಗೆ ಸಿಗದಿರಬಹುದು. 'ಬಹುದು' ಎಂದೇ ಹೇಳುತ್ತಿದ್ದೇನೆ. ಇದು ಕಲಮಿನ ಪದಗಳ ಮೇಲೆ ನಿಂತ ಓದು. ನಷ್ಟಪರಿಹಾರದ ಮೊತ್ತ ನಿಗದಿಮಾಡುವಾಗ ನ್ಯಾಯಾಲಯ ವ್ಯಾಪಾರಿಯ ನಡತೆಯನ್ನು ಲೆಕ್ಕಕ್ಕೆ ಹಿಡಿಯುವುದಕ್ಕೆ ಈ ಓದು ಅಡ್ಡಬರುವುದಿಲ್ಲ. ಕಲಂ 63ರ ಅಪರಾಧಕ್ಕೆ 'ತಿಳಿದೂ' ಉಲ್ಲಂಘಿಸಿರಬೇಕು. ಆದ್ದರಿಂದ ಮೋಸಹೋದವರಿಗೆ ಜೈಲಿನ ಭಯ ಕಡಿಮೆ. ಆದರೆ ನೋಟಿಸ್ ಕೈಸೇರಿದ ಮೇಲೂ ಉಳಿದ ದಾಸ್ತಾನನ್ನು ಮಾರಿದರೆ 'ತಿಳಿದಿರಲಿಲ್ಲ' ಎಂಬ ಮಾತು ನಿಲ್ಲುವುದು ಕಷ್ಟ. ಈ ಕಲಮಿನ ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ ನಿಟ್ ಪ್ರೊ ಪ್ರಕರಣದಲ್ಲಿ (2022) ಹೇಳಿದೆ.

ಸಿಸಿ ಝೀರೊ ಕುರಿತ ಮಾತಿಗೂ ಒಂದು ಮಿತಿಯಿದೆ. ಕಲಂ 21ರ ಪ್ರಕಾರ ಹಕ್ಕು ಬಿಟ್ಟುಕೊಡಲು ರಿಜಿಸ್ಟ್ರಾರರಿಗೆ ನೋಟಿಸ್ ಕೊಡಬೇಕಿತ್ತು. 2012ರಲ್ಲಿ ಸಾರ್ವಜನಿಕ ಪ್ರಕಟಣೆಯೂ ಸಾಕೆಂದಾಯಿತು. ಜಾಲಪುಟದ ಒಂದು ಗುರುತು ಅಂಥ ಪ್ರಕಟಣೆ ಆಗುವುದೇ, ಹೆಸರು ಮರೆಸಿಕೊಂಡ ಖಾತೆಯಿಂದ ಬಂದ ಗುರುತನ್ನು ನಂಬುವುದು 'ಸಕಾರಣ'ವೇ ಎಂಬ ಪ್ರಶ್ನೆಗಳನ್ನು ಈ ಲೇಖನ ಬಿಡಿಸಿಲ್ಲ.