ಲ್ಯಾಪ್‌ಟಾಪ್ ಸ್ಟಿಕ್ಕರ್‌ಗಳು: ಬೆಳೆದು ಬಂದ ದಾರಿ

ಲ್ಯಾಪ್‌ಟಾಪಿನ ಕೀಲಿಮಣೆಯ ಪಕ್ಕ, ಅಂಗೈ ಊರುವ ಜಾಗದಲ್ಲಿ ಕಾಣುವ ಸ್ಟಿಕ್ಕರ್‌ಗಳಲ್ಲಿ ಎರಡು ಬಗೆ ಮುಖ್ಯ. ಪ್ರೊಸೆಸರ್ ಸ್ಟಿಕ್ಕರ್ ಒಳಗಿನ ಚಿಪ್ ಯಾವ ಕುಟುಂಬದ್ದೆಂದು ತಿಳಿಸುತ್ತದೆ. ಪ್ಲಾಟ್‌ಫಾರ್ಮ್ ಸ್ಟಿಕ್ಕರ್ ಚಿಪ್ಪಿನೊಂದಿಗೆ ವೈಫೈ, ಬ್ಯಾಟರಿ, ಮೆಮೊರಿ ಮುಂತಾದವೂ ನಿಗದಿತ ಮಟ್ಟ ಮುಟ್ಟಿವೆ ಎನ್ನುತ್ತದೆ.

ಈ ರೂಢಿಗೆ ಬಲ ಬಂದದ್ದು 1991ರ ‘ಇಂಟೆಲ್ ಇನ್‌ಸೈಡ್’ ಯೋಜನೆಯಿಂದ. 386ರಂಥ ಬರಿಯ ಚಿಪ್ ಸಂಖ್ಯೆಗೆ ಟ್ರೇಡ್‌ಮಾರ್ಕ್ ರಕ್ಷಣೆ ಸಿಗದೆ ಹೋದಾಗ ಚಿಪ್ ತಯಾರಕ ಕಂಪನಿ ಇಂಟೆಲ್ ಹೆಸರು, ಲಾಂಛನಗಳತ್ತ ತಿರುಗಿತು. ಲಾಂಛನ ಬಳಸಿದ ತಯಾರಕರ ಜಾಹೀರಾತು ವೆಚ್ಚದ ಒಂದು ಪಾಲನ್ನು ತಾನೇ ಭರಿಸಿತು. 1993ರಲ್ಲಿ 586ರ ಬದಲು ಪೆಂಟಿಯಂ ಎಂಬ ಹೆಸರು ಬಂತು.

2003ರ ಸೆಂಟ್ರಿನೊ ಪ್ಲಾಟ್‌ಫಾರ್ಮ್ ಸ್ಟಿಕ್ಕರಿನ ಮೊದಲ ದೊಡ್ಡ ಉದಾಹರಣೆ. ಪೆಂಟಿಯಂ ಎಂ ಪ್ರೊಸೆಸರ್, ಇಂಟೆಲ್ ಚಿಪ್‌ಸೆಟ್, ಇಂಟೆಲ್ ವೈಫೈ ಮೂರೂ ಇದ್ದರೆ ಮಾತ್ರ ಆ ಗುರುತು. ಬೇರೆ ಕಂಪನಿಯ ವೈಫೈ ಹಾಕಿದ ಯಂತ್ರಕ್ಕೆ ಅದು ದಕ್ಕುತ್ತಿರಲಿಲ್ಲ. ಸ್ಟಿಕ್ಕರಿನ ಭರವಸೆ ಎಷ್ಟು ತೆಳುವಾಗಿರಬಹುದೆಂದು 2006ರ ‘ವಿಂಡೋಸ್ ವಿಸ್ಟಾ ಕೇಪಬಲ್’ ಗುರುತು ತೋರಿಸಿತು. ಅದನ್ನು ಹೊತ್ತ ಹಲವು ಯಂತ್ರಗಳಲ್ಲಿ ವಿಸ್ಟಾದ ಪ್ರಾಥಮಿಕ ಆವೃತ್ತಿ ಮಾತ್ರ ಸರಿಯಾಗಿ ನಡೆಯುತ್ತಿತ್ತು. 2007ರಲ್ಲಿ ಅಮೆರಿಕದ ಗ್ರಾಹಕರು ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿದರು.

2008ರಿಂದ 2010ರೊಳಗೆ ಇಂಟೆಲ್‌ನ ಕೋರ್ ಐ7, ಐ5, ಐ3 ಬಂದವು. ಇವು ದರ್ಜೆಯ ಹೆಸರುಗಳೇ ಹೊರತು ವೇಗದ ಅಳತೆಗಳಲ್ಲ. ಏಳನೇ ತಲೆಮಾರಿನ ಐ7-7500ಯು ಚಿಪ್ಪಿನಲ್ಲಿ 2 ಕೋರ್‌ಗಳಿದ್ದರೆ, ಎಂಟನೇ ತಲೆಮಾರಿನ ಐ5-8250ಯು ಚಿಪ್ಪಿನಲ್ಲಿ 4 ಇವೆ. ಎಎಂಡಿ ಕಂಪನಿಯ ರೈಜನ್ (2017) ಹೆಸರಿನಲ್ಲೂ ಇದೇ ತೊಡಕು. ರೈಜನ್ 5 7520ಯು ಮತ್ತು 7540ಯು ಒಂದೇ ಸಾಲಿನವೆಂದು ತೋರಿದರೂ ಮೊದಲನೆಯದು ಹಳೆಯ ಜೆನ್ 2 ವಿನ್ಯಾಸದ್ದು, ಎರಡನೆಯದು ಜೆನ್ 4ರದ್ದು. ಇಲ್ಲಿ ಮೂರನೆಯ ಅಂಕಿಯೇ ವಿನ್ಯಾಸದ ಸುಳಿವು.

2020ರ ಇಂಟೆಲ್ ಇವೊ ಪ್ಲಾಟ್‌ಫಾರ್ಮ್ ಗುರುತಿಗೆ ಹೊಸ ಕಸುವು ತಂದಿತು: ನಿದ್ರಾಸ್ಥಿತಿಯಿಂದ ಒಂದು ಸೆಕೆಂಡಿನೊಳಗೆ ಏಳಬೇಕು, ನಿತ್ಯಬಳಕೆಯಲ್ಲಿ ಬ್ಯಾಟರಿ 9 ಗಂಟೆ ಬರಬೇಕು. 2023ರ ಕೊನೆಗೆ ಬಂದ ಕೋರ್ ಅಲ್ಟ್ರಾ ಹೆಸರಿನಲ್ಲಿ ‘ಐ’ ಅಕ್ಷರ ಉಳಿಯಲಿಲ್ಲ. 2024ರ ‘ಕೋಪೈಲಟ್ ಪ್ಲಸ್ ಪಿಸಿ’ ಗುರುತಿಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು (ಎಐ ಕೆಲಸಕ್ಕೆ ಮೀಸಲಾದ ಪ್ರೊಸೆಸರ್), 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ ಬೇಕು.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಗುರುತುಗಳ ತೂಕ ಬೇರೆಯೇ. ಕೇರಳದ ‘ಕೈಟ್’ ಸಂಸ್ಥೆ 2018ರಲ್ಲಿ ಆರಂಭಿಸಿದ ಹೈಟೆಕ್ ಶಾಲಾ ಯೋಜನೆಯಡಿ ರಾಜ್ಯದ 8ರಿಂದ 12ನೇ ತರಗತಿಗಳ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿದವು. ಅವು ನಡೆಯುವುದು ಉಬುಂಟು ಆಧಾರಿತ ಮುಕ್ತ ತಂತ್ರಾಂಶದಲ್ಲಿ. ಆದ್ದರಿಂದ ವಿಂಡೋಸ್ ಗುರುತು ಅಲ್ಲಿ ನಿರ್ಣಾಯಕವಲ್ಲ. ಪ್ರೊಸೆಸರ್, ಮೆಮೊರಿಗಳೇ ಮುಖ್ಯ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿರುವ ‘ಎಬೌಟ್’ ಪುಟ ಚಿಪ್ಪಿನ ಪೂರ್ಣ ಹೆಸರನ್ನು ತೋರಿಸುತ್ತದೆ.

ಯಂತ್ರದ ತಳಭಾಗದ ಚೀಟಿಯನ್ನೂ ನೋಡಬೇಕು. ಭಾರತದಲ್ಲಿ ಮಾರುವ ಲ್ಯಾಪ್‌ಟಾಪಿಗೆ ಬಿಐಎಸ್ ನೋಂದಣಿ ಕಡ್ಡಾಯ. ‘ಆರ್’ನಿಂದ ಆರಂಭವಾಗುವ ಸಂಖ್ಯೆ ಅದರ ಗುರುತು. ಇದು ಸುರಕ್ಷತೆಗೆ ಸಂಬಂಧಿಸಿದ್ದು, ವೇಗಕ್ಕಲ್ಲ.

ಮೂರು ದಶಕಗಳಲ್ಲಿ ಸ್ಟಿಕ್ಕರ್‌ನ ಮಾತು ಹೆಚ್ಚಿದೆ, ಆದರೂ ಚಿಪ್ಪಿನ ಪೂರ್ಣ ಮಾದರಿ ಸಂಖ್ಯೆ ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ಮಕ್ಕಳ ಓದಿಗೆಂದು ಹಣ ಕೂಡಿಸಿ ಲ್ಯಾಪ್‌ಟಾಪ್ ಕೊಳ್ಳುವವರು ಆ ಸಂಖ್ಯೆಯನ್ನು ಅಂಗಡಿಯಲ್ಲೇ ಕೇಳಿ ಬರೆದುಕೊಂಡು, ಮೆಮೊರಿ ಮತ್ತು ಸಂಗ್ರಹದ ಜೊತೆಗಿಟ್ಟು ಹೋಲಿಸಿದ ಮೇಲೆಯೇ ಹಣ ಕೊಡುವುದು ಒಳಿತು.