ಕಸದ ಬುಟ್ಟಿಗೂ ಒಂದು ಚರಿತ್ರೆ ಐತಿ



"ಮನೆಯಲ್ಲಿ ಕಸ ಕಡಿಮೆ ಮಾಡ್ರಿ, ಪರಿಸರ ಉಳಿಸ್ರಿ" ಅಂತ ಈಗ ಎಲ್ಲಾರೂ ಹೇಳ್ತಾರ. ಒಳ್ಳೇದ. ಆ ಮಾತಿನಾಗ ಗಿಡ ಇರ್ತೈತಿ, ಹೊಳಿ ಇರ್ತೈತಿ. ಕಸ ಎತ್ತೋ ಮನುಷ್ಯ ಮಾತ್ರ ಇರಂಗಿಲ್ಲ.

ನಮ್ಮ ಇಂದೂರಿನಂಥ ಊರುಗಳಲ್ಲಿ ಹಿಂದೆ ಮನೆಕಸ ಅಂದ್ರ ಬೂದಿ, ಸೆಗಣಿ, ಸೊಪ್ಪುಸದೆ. ಎಲ್ಲಾ ತಿಪ್ಪೆ ಸೇರಿ ಗೊಬ್ಬರ ಆಗ್ತಿತ್ತು. ಆ ಕಾಲವನ್ನ ಹೊಗಳೋರು ಒಂದು ಮಾತು ಮರೀತಾರ. ಸತ್ತ ದನ ಎಳೆಯೋದು ಯಾರ ಪಾಲಿಗಿತ್ತು? ಪಟ್ಟಣದಾಗ ಮಲದ ಬುಟ್ಟಿ ಯಾರ ತಲಿ ಮ್ಯಾಲಿತ್ತು? ಗೊಬ್ಬರ ಹೊಲ ಇದ್ದವರಿಗೆ, ಹೊಲಸು ನಮ್ಮವರಿಗೆ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ ಅಂತ ನಮ್ಮ ಜನಕ್ಕ ಕರೆ ಕೊಟ್ಟರು. ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ವರದಿ ಪೌರಕಾರ್ಮಿಕರ ಬದುಕನ್ನ ಸರ್ಕಾರದ ಮುಂದಿಟ್ಟಿತು. 1993ರಲ್ಲಿ ಕೇಂದ್ರದ ಕಾನೂನೂ ಬಂತು.

ಆದ್ರೂ 2010ರ ಜುಲೈನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯ್ತು? ಇರೋ ಜಾಗದಿಂದ ಎಬ್ಬಿಸ್ತಾರ ಅಂತ ಭಂಗಿ ಸಮುದಾಯದವರು ಪುರಸಭೆ ಮುಂದ ಮೈಮೇಲೆ ಮಲ ಸುರುವಿಕೊಂಡು ಪ್ರತಿಭಟಿಸಿದರು. ಮಲ ಹೊರುವ ಪದ್ಧತಿ ವಿರುದ್ಧ 2013ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯ್ತು.

ಬುಟ್ಟಿ ತಲೆಯಿಂದ ಇಳೀತು, ಗಾಡಿ ಬಂತು. ಎತ್ತೋ ಕೈ ಬಹುಪಾಲು ಅವೇ ಉಳಿದವು. ಹಳಸಿದ ಅನ್ನ, ಒಡೆದ ಗಾಜು, ಬ್ಲೇಡು, ಮಗುವಿನ ಡೈಪರ್ ಎಲ್ಲಾ ಒಂದೇ ಚೀಲಕ್ಕ ತುರುಕಿದ್ರ, ಅದನ್ನ ಬೇರೆ ಮಾಡೋದು ಆ ಕೈಗಳೇ.

ಹಸಿ, ಒಣ, ಅಪಾಯಕಾರಿ ಅಂತ ಕಸ ಬೇರೆ ಮಾಡೋದು ಮನೆಯವರ ಕೆಲಸ ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಡೈಪರ್, ಪ್ಯಾಡು ಸುತ್ತಿ ಕೊಡಬೇಕು. ಕಚೇರಿಯಲ್ಲಿ ಗುಮಾಸ್ತನಾಗಿರೋ ನಾನು ಇದನ್ನ ಕಾನೂನಿಗಿಂತ ಹೆಚ್ಚಾಗಿ ಸ್ವಾಭಿಮಾನದ ಪ್ರಶ್ನೆ ಅಂತ ಓದ್ತೀನಿ.

ಮನೆಕಸದಾಗ ಸುಮಾರು ಅರ್ಧ ಹಸಿಕಸಾನ ಇರ್ತೈತಿ. ಹಿತ್ತಲದಾಗ ಒಂದು ಗುಂಡಿ ತೋಡ್ರಿ. ಜಾಗ ಇಲ್ಲದವರು ತೂತು ಕೊರೆದ ಬಕೆಟ್‌ನಾಗ ಸಿಪ್ಪಿ, ಒಣ ಎಲಿ, ಸ್ವಲ್ಪ ಮಣ್ಣು ಪದರ ಪದರ ಹಾಕ್ರಿ. ಹಾಲಿನ ಕವರ್ ತೊಳೆದು ಒಣಗಿಸಿಡ್ರಿ. ಬ್ಲೇಡು, ಗಾಜು ಗಟ್ಟಿ ಡಬ್ಬಿಯಲ್ಲಿ ಕೊಡ್ರಿ. ಪ್ಯಾಟಿಗೆ ಚೀಲ ಒಯ್ರಿ.

ಇದರ ಜೊತೆಗೆ ಪೌರಕಾರ್ಮಿಕರ ಕಾಯಂ ಕೆಲಸ, ಕೈಗವಸು, ಸರಿಯಾದ ಸಂಬಳಕ್ಕೂ ದನಿ ಎತ್ತೋಣ. ಗುಂಡಿ ತೋಡಿದ ಮಾತ್ರಕ್ಕ ಜಾತಿ ಹೋಗಂಗಿಲ್ಲ.

ಇವತ್ತು ಸಂಜಿ ನಿಮ್ಮ ಮನಿ ಬುಟ್ಟಿ ನೋಡ್ರಿ. ಕೈ ಹಾಕೋಕೆ ನಿಮಗ ಹೇಸಿಗೆ ಅನ್ನಿಸಿದ್ರ, ಅದನ್ನ ಹಂಗ ಇನ್ನೊಬ್ಬರ ಕೈಗೆ ಕೊಡಬ್ಯಾಡ್ರಿ.