ಯೆಜ್ದಿಯ ಸದ್ದಡಗಿದ ಮೇಲೆ

ಉದಯಗಿರಿಯ ಬೀದಿಯಲ್ಲಿ ಹಳೆಯ ಯೆಜ್ದಿ ಬೈಕಿನ ಸದ್ದು ಕೇಳಿದರೆ ನಾವು ಇಂದಿಗೂ ತಿರುಗಿ ನೋಡುತ್ತೇವೆ. ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ಪಡೆದು 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಗಿತ್ತು.

1989ರಲ್ಲಿ ಅಲ್ಲಿ ಏಕಪಕ್ಷದ ಆಳ್ವಿಕೆ ಕುಸಿಯಿತು. ಮತ, ಮಾರುಕಟ್ಟೆ ಎರಡೂ ಒಟ್ಟಿಗೇ ಬಂದವು. 1992ರಲ್ಲಿ ಸರಕಾರಿ ಕಾರ್ಖಾನೆಗಳ ಷೇರುಗಳನ್ನು ಕೂಪನ್ ಮೂಲಕ ಪ್ರಜೆಗಳಿಗೆ ಹಂಚಲು ತೊಡಗಿದರು. ಬಹುಪಾಲು ಹೂಡಿಕೆ ನಿಧಿಗಳ ಕೈಸೇರಿತು. 1993ರಲ್ಲಿ ದೇಶವೇ ಎರಡಾಯಿತು.

ನಮ್ಮಲ್ಲಿ ಮತದಾನ 1951-52ರಲ್ಲೇ ಬಂದಿತ್ತು. ಉದಾರೀಕರಣ ಬಂದದ್ದು 1991ರಲ್ಲಿ. ಆದರೂ ಎಂಬತ್ತರ ದಶಕದಿಂದಲೇ ಕಾಡಿದ ಜಪಾನಿ ತಂತ್ರಜ್ಞಾನದ ಬೈಕುಗಳ ಪೈಪೋಟಿಯಲ್ಲಿ ಸೋತು 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಮಾರುಕಟ್ಟೆಯ ಬಾಗಿಲು ತೆರೆಯುವುದು ಸುಲಭ. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಕಾರ್ಮಿಕನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದರಲ್ಲೇ ಪ್ರಜಾಪ್ರಭುತ್ವದ ಪರೀಕ್ಷೆಯಿದೆ.